ಹಂಬಲವೂ ಹೊಗೆಯೂ

ಹಳೆಯದನ್ನು ಹೊಗಳುವುದಕ್ಕೆ ಮನುಷ್ಯನಿಗೆ ವಿಶೇಷ ಕಾರಣವೇನೂ ಬೇಕಾಗುವುದಿಲ್ಲ. ಅಜ್ಜಿಯ ಕೈಯಡುಗೆ, ಹುಟ್ಟಿದೂರಿನ ಹೊಳೆ, ಪ್ರೈಮರಿ ಶಾಲೆಯ ಮೇಷ್ಟರು, ಕಂಪನಿ ನಾಟಕ, ಈ ಪಟ್ಟಿ ಎಲ್ಲರಿಗೂ ಬಾಯಿಪಾಠ. ಈಚೆಗೆ ಅದಕ್ಕೆ ಹಳೆಯ ಮೋಟಾರು ಸೈಕಲ್ಲೂ ಸೇರಿಕೊಂಡಿದೆ. ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ಭಾನುವಾರ ಬೆಳಗಿನ ಹೊತ್ತು ದೊಡ್ಡ ಹೋಟೆಲೊಂದರ ಮುಂದೆ ನಿಂತು ನೋಡಿ. ಕನ್ನಡಿಯಂತೆ ಉಜ್ಜಿದ ಟ್ಯಾಂಕು, ಇಕ್ಕೆಲದಲ್ಲಿ ಉದ್ದನೆಯ ಎರಡು ಸೈಲೆನ್ಸರು ಇರುವ ಜಾವಾ, ಯೆಜ್ಡಿ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಒಳಗೆ ಇಡ್ಲಿ ತಿನ್ನುವವರ ಬಾಯಲ್ಲಿ ಪಿಸ್ಟನ್ನು, ಕಾರ್ಬೊರೇಟರುಗಳದೇ ಮಾತು. ಜುಲೈ ತಿಂಗಳ ಎರಡನೆಯ ಭಾನುವಾರವಂತೂ ಈ ಗಾಡಿಗಳ ಅಭಿಮಾನಿಗಳಿಗೆ ಹಬ್ಬ; ಅಂದು ನೂರಾರು ಜನ ಒಟ್ಟುಗೂಡಿ ಮೆರವಣಿಗೆ ಹೊರಡುತ್ತಾರೆ.

ಅದರಲ್ಲಿ ತಪ್ಪೇನು ಎಂದು ವಾಚಕರು ಕೇಳಬಹುದು. ತಪ್ಪೆಂದು ನಾನು ಹೇಳುತ್ತಿಲ್ಲ. ನನ್ನನ್ನು ಕಾಡುವ ಸಂಗತಿಯೇ ಬೇರೆ. ಆ ಸಾಲಿನಲ್ಲಿ ನಿಂತವರ ಮುಖ ನೋಡಿದರೆ, ಅರ್ಧಕ್ಕರ್ಧ ಮಂದಿ ಆ ಗಾಡಿಗಳು ತಯಾರಾದಾಗ ಹುಟ್ಟಿಯೇ ಇರಲಿಲ್ಲ. ಅನುಭವಿಸಿದ್ದನ್ನು ನೆನೆದು ಮರುಗುವುದು ಸರಿಯೆ. ಅನುಭವಿಸದೆ ಇದ್ದದ್ದನ್ನು ನೆನೆದು ಮರುಗುವುದು ಹೇಗೆ? ಹಾಗಾದರೆ ಈ ಹಂಬಲ ಗಾಡಿಯ ಮೇಲೋ, ಗಾಡಿ ಓಡಾಡುತ್ತಿದ್ದ ಕಾಲದ ಮೇಲೋ, ಅಥವಾ ಯಾವ ಕಾಲದಲ್ಲಿಯೂ ಇಲ್ಲದೆ ಮನಸ್ಸಿನಲ್ಲಿ ಮಾತ್ರ ಇರುವ ಒಂದು ಖಾಲಿ ರಸ್ತೆಯ ಮೇಲೋ?

ಇಂಥ ಹಂಬಲಕ್ಕೆ ಪಾಶ್ಚಾತ್ಯರಲ್ಲಿ ಇರುವ ಹೆಸರು ಮೂಲದಲ್ಲಿ ಒಂದು ಕಾಯಿಲೆಯ ಹೆಸರು. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಬಾಸೆಲ್ ನಗರದಲ್ಲಿ ಬರೆದ ಪ್ರಬಂಧದಲ್ಲಿ ‘ನೊಸ್ಟಾಲ್ಜಿಯಾ’ ಎಂಬ ಮಾತನ್ನು ಹುಟ್ಟಿಸಿದ. ಮರಳಿ ಮನೆಗೆ ಹೋಗುವುದು ಎಂಬ ಅರ್ಥದ ಗ್ರೀಕ್ ಪದಕ್ಕೆ ನೋವು ಎಂಬ ಅರ್ಥದ ಪದವನ್ನು ಗಂಟುಹಾಕಿದ ಮಾತು ಅದು. ಊರು ಬಿಟ್ಟು ಹೋಗಿ ಕೂಲಿಗಾಗಿ ಕಾದಾಡುತ್ತಿದ್ದ ಸ್ವಿಸ್ ಸಿಪಾಯಿಗಳು ಮನೆಯ ನೆನಪಿನಲ್ಲಿ ಸೊರಗುತ್ತಿದ್ದರಂತೆ. ಅವರ ಮನೆ ನಿಜವಾದ ಮನೆ, ಅಲ್ಲಿಗೆ ನಿಜವಾದ ದಾರಿಯೂ ಇತ್ತು; ಊರಿಗೆ ಕಳಿಸಿದರೆ ಗುಣವಾಗಬಹುದಾದ ಕಾಯಿಲೆ. ನಮ್ಮ ಕಾಯಿಲೆಗೆ ಆ ಮದ್ದಿಲ್ಲ. ಕನ್ನಡದಲ್ಲಿ ಇದಕ್ಕೆ ಹಳಹಳಿಕೆ ಎನ್ನುವವರುಂಟು. ಒಳ್ಳೆಯ ಮಾತು. ಕೊರಗು ಎಂಬ ಅರ್ಥವೂ ಅದರಲ್ಲಿದೆ, ‘ಹಳೆ’ಯ ಸದ್ದೂ ಕಿವಿಗೆ ಬೀಳುತ್ತದೆ.

ನಮ್ಮ ಸೀಮೆಯಲ್ಲಿ ಈ ಹಳಹಳಿಕೆ ಜಾವಾವನ್ನು ಹಿಡಿದುಕೊಂಡದ್ದಕ್ಕೆ ನ್ಯಾಯವಾದ ಕಾರಣವಿದೆ. ಅದು ನಮ್ಮೂರಿನ ಗಾಡಿ. ಹುಟ್ಟಿದ್ದು ಪ್ರಾಗ್ ನಗರದಲ್ಲಿ, 1929ರಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬವರು ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರು ಸೈಕಲ್ಲಿನ ಹಕ್ಕು ಪಡೆದು, ತಮ್ಮ ಹೆಸರಿನ ಮೊದಲಕ್ಷರಗಳನ್ನೂ ಆ ಕಂಪನಿಯ ಹೆಸರಿನ ಮೊದಲಕ್ಷರಗಳನ್ನೂ ಕೂಡಿಸಿ ‘ಜಾವಾ’ ಎಂದರು. ಮುಂಬಯಿಯ ಇರಾನಿ ಮನೆತನದವರು ಅದನ್ನು ಮೈಸೂರಿಗೆ ತಂದರು. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪನೆಯಾಯಿತು. 1961ರಿಂದ ಯಾದವಗಿರಿಯ ಕಾರ್ಖಾನೆಯಲ್ಲಿ ಗಾಡಿಗಳು ತಯಾರಾಗತೊಡಗಿದುವು. 1973ರಿಂದ ಅವೇ ‘ಯೆಜ್ಡಿ’ ಎಂಬ ಹೆಸರು ತಾಳಿದುವು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಬಾಗಿಲು ಮುಚ್ಚಿತು. ಮೂವತ್ತೈದು ವರ್ಷದ ಬಾಳು. ಒಂದು ಸರ್ಕಾರಿ ನೌಕರಿಯಷ್ಟು.

ಆ ಗಾಡಿಯ ಮೇಲೆ ಕುಳಿತು ಹೋಗುವುದು ನಿಜವಾಗಿ ಹೇಗಿರುತ್ತದೆ? ಮೈಸೂರಿನಲ್ಲಿರುವ ನನ್ನ ಭಾವಮೈದುನನ ಮನೆಯಲ್ಲಿ ಅವನ ತಂದೆ ಬಿಟ್ಟುಹೋದ ರೋಡ್‌ಕಿಂಗ್ ಇದೆ. ಅವನ ಸ್ನೇಹಿತರೊಬ್ಬರ ಬಳಿ ಅರವತ್ತರ ದಶಕದ ಜಾವಾ ಇದೆ. ಎರಡನ್ನೂ ಓಡಿಸಿದ್ದೇನೆ. ಜಾವಾ ಹತ್ತುವ ಮೊದಲು ಒಂದು ಸಣ್ಣ ಪೂಜಾವಿಧಿಯೇ ಇದೆ. ಪೆಟ್ರೋಲಿನ ನಲ್ಲಿ ತಿರುಗಿಸಬೇಕು. ಕಾರ್ಬೊರೇಟರಿನ ಮೇಲಿನ ಪುಟ್ಟ ಗುಂಡಿಯನ್ನು ಒತ್ತಿ ಹಿಡಿದು ಪೆಟ್ರೋಲು ಉಕ್ಕಿ ಬರುವವರೆಗೆ ಕಾಯಬೇಕು. ಬೆರಳಿಗೆ ವಾಸನೆ ಅಂಟುತ್ತದೆ, ಅದು ಮಧ್ಯಾಹ್ನದ ಊಟದವರೆಗೂ ಹೋಗುವುದಿಲ್ಲ. ಆಮೇಲೆ ಎಡಗಡೆಯ ಗೇರಿನ ಸಲಾಕೆಯನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಇದು ಆ ಯಂತ್ರದ ಚಮತ್ಕಾರ. ಒಂದೇ ಸಲಾಕೆ ಎಬ್ಬಿಸುವುದಕ್ಕೂ ಆಗುತ್ತದೆ, ಗೇರು ಹಾಕುವುದಕ್ಕೂ ಆಗುತ್ತದೆ. ಅದೃಷ್ಟವಿದ್ದರೆ ಎರಡನೆಯ ಒದೆತಕ್ಕೆ ಎದ್ದೀತು. ಇಲ್ಲದಿದ್ದರೆ ಹತ್ತು, ಹನ್ನೆರಡು. ಬೀದಿಯ ಮಕ್ಕಳು ಎಣಿಸುತ್ತಾರೆ.

ಎದ್ದ ಮೇಲೆ ಅದು ಹೊರಡಿಸುವ ಸದ್ದು ಮಾತ್ರ ಮರೆಯುವಂಥದಲ್ಲ. ಒಂದೇ ಸಿಲಿಂಡರಿಗೆ ಎರಡು ಹೊಗೆಬಾಯಿ, ಎರಡು ಸೈಲೆನ್ಸರು. ನಿಂತಲ್ಲೇ ನಿಂತಾಗ ಲಯ ತಪ್ಪಿದಂತೆ ತೋರಿ ಮತ್ತೆ ಕೂಡಿಕೊಳ್ಳುವ ಮದ್ದಳೆಯ ಹಾಗೆ. ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಮೂರನೆಯ ಗೇರಿನಿಂದ ನಾಲ್ಕನೆಯದಕ್ಕೆ ಹೋದಾಗ ಎಂಜಿನ್ನು ಹಗುರವಾಗಿ ಒಂದು ನಿಟ್ಟುಸಿರು ಬಿಟ್ಟು ಹರಿಯತೊಡಗುತ್ತದೆ. ಆ ಅರ್ಧ ಗಂಟೆಗೆ ಮನುಷ್ಯ ಸಾವಿರಾರು ರೂಪಾಯಿ ಸುರಿಯುವುದು ನನಗೆ ಅರ್ಥವಾಗುತ್ತದೆ. ಸುಖವಿಲ್ಲವೆಂದು ಹೇಳಿದರೆ ಸುಳ್ಳಾದೀತು.

ಆದರೆ ಬೆಳಗಿನ ಎಂಟು ಗಂಟೆ ಎಂಬುದೊಂದು ಬರುತ್ತದೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. 2019ರ ಏಪ್ರಿಲ್‌ನಿಂದ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಮೋಟಾರು ಸೈಕಲ್ಲುಗಳಿಗೆಲ್ಲ ಚಕ್ರ ಜಾರದಂತೆ ತಡೆಯುವ ಎ.ಬಿ.ಎಸ್. ಬ್ರೇಕು ಕಡ್ಡಾಯ. ಅಂಥ ಗಾಡಿಯೊಂದು ನಿಮ್ಮ ಮುಂದೆ ತಟಕ್ಕನೆ ನಿಲ್ಲುತ್ತದೆ. ನಿಮ್ಮ ಕೆಳಗಿರುವುದೋ, ಸುಮಾರು 160 ಮಿಲಿಮೀಟರಿನ ಡ್ರಮ್ಮಿನೊಳಗೆ ಎರಡು ಸಣ್ಣ ಪಟ್ಟಿಗಳು ಉಜ್ಜಿ ನಿಲ್ಲಿಸುವ ಬ್ರೇಕು. ಅದು ನಿಲ್ಲಿಸುವುದಿಲ್ಲ, ನಿಲ್ಲುವಂತೆ ಗಾಡಿಯನ್ನು ಬೇಡಿಕೊಳ್ಳುತ್ತದೆ. ಆರು ವೋಲ್ಟಿನ ದೀಪ ಎಂಜಿನ್ನು ನಿಧಾನವಾದರೆ ತಾನೂ ಮಂಕಾಗುತ್ತದೆ. ರಾತ್ರಿ ತಿರುವಿನಲ್ಲಿ ವೇಗ ಇಳಿಸಿದಾಗಲೇ, ಅಂದರೆ ದೀಪ ಬೇಕಾದಾಗಲೇ, ಕೈಕೊಡುತ್ತದೆ. ಸಿಗ್ನಲ್ಲಿನಲ್ಲಿ ಐದು ನಿಮಿಷ ನಿಂತರೆ ಗಾಳಿಯಿಂದಲೇ ತಣಿಯಬೇಕಾದ ಎಂಜಿನ್ನು ಕಾದು ಮೊಣಕಾಲು ಸುಡುತ್ತದೆ. ಆಗುಂಬೆಯ 14 ತಿರುವುಗಳನ್ನು ಇಳಿಯುವಾಗ ಇನ್ನೊಂದು ಕಷ್ಟ. ಎಣ್ಣೆ ಬೆರೆತಿರುವುದು ಪೆಟ್ರೋಲಿನಲ್ಲಿಯೇ ಆದ್ದರಿಂದ ವೇಗದ ಹಿಡಿಯನ್ನು ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿದರೆ ಪಿಸ್ಟನ್ನಿಗೆ ಎಣ್ಣೆ ಸಾಲದು. ಹಿಡಿ ಮುಚ್ಚಿದರೆ ಎಂಜಿನ್ನಿಗೆ ಕೇಡು, ತೆರೆದರೆ ಸವಾರನಿಗೆ ಕೇಡು. ಹಿಂದಿನವರು ನಡುನಡುವೆ ಹಿಡಿಯನ್ನು ಒಮ್ಮೊಮ್ಮೆ ತೆರೆದು ಗುಟುಕು ಕುಡಿಸುತ್ತ ಇಳಿಯುತ್ತಿದ್ದರು.

ಹುಟ್ಟೂರಿನ ಹೆದ್ದಾರಿಯೂ ಈಗ ಅದಕ್ಕಿಲ್ಲ. ಬೆಂಗಳೂರು ಮೈಸೂರು ನಡುವಣ ಹೊಸ ಹೆದ್ದಾರಿ 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಮಾರ್ಗದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶ ನಿಷಿದ್ಧವಾಯಿತು. ಮೈಸೂರಿನಲ್ಲಿ ತಯಾರಾದ ಗಾಡಿ ಬೆಂಗಳೂರಿಗೆ ಹೋಗಬೇಕಾದರೆ ಆಟೋರಿಕ್ಷಾ, ಟ್ರಾಕ್ಟರುಗಳ ಜೊತೆಗೆ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗಬೇಕು. ಹೊಸ ಮೋಟಾರು ಸೈಕಲ್ಲಿಗೂ ಇದೇ ನಿಯಮವೆಂಬುದು ಒಂದು ಸಮಾಧಾನ.

ಇಷ್ಟೆಲ್ಲ ಕಷ್ಟವಿದ್ದೂ ಜನ ಅದನ್ನು ಬಯಸುತ್ತಾರೆ. ಕಷ್ಟವಿರುವುದರಿಂದಲೇ ಬಯಸುತ್ತಾರೆ ಎಂದರೂ ಆದೀತು. ಹಾಸನದ ಕಡೆ ಇರುವ ನಮ್ಮ ದೊಡ್ಡಪ್ಪ ಒಬ್ಬರು ಪಶುವೈದ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹತ್ತು ಹನ್ನೆರಡು ವರ್ಷ ಜಾವಾದ ಮೇಲೆ ಹಳ್ಳಿಹಳ್ಳಿ ಸುತ್ತಿದರು. ಭಾವಮೈದುನ ತನ್ನ ಗಾಡಿಯನ್ನು ಉಜ್ಜಿ ಹೊಳೆಯಿಸಿ ಅವರಿಗೆ ತೋರಿಸಿದ. ಅವರು ಒಂದು ಸುತ್ತು ಬಂದು ನೋಡಿ, “ಸ್ಟಾರ್ಟ್ ಆಗುತ್ತೇನಪ್ಪಾ?” ಎಂದರು. ಆಗುತ್ತೆ ದೊಡ್ಡಪ್ಪ, ಒಂದು ಸುತ್ತು ಹೋಗಿಬನ್ನಿ ಎಂದು ಇವನು ಬಲವಂತ ಮಾಡಿದಾಗ ಅವರು ಕೈ ಮುಗಿದುಬಿಟ್ಟರು. “ಬೇಡಪ್ಪಾ. ನಾನು ನನ್ನದನ್ನ ಮಾರಿದ ದಿನ ನಿಮ್ಮ ದೊಡ್ಡಮ್ಮ ಪಾಯಸ ಮಾಡಿದ್ಲು.”

ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಮಳೆಗಾಲದ ರಾತ್ರಿ ಕರು ಅಡ್ಡ ಸಿಕ್ಕಿಕೊಂಡಿದೆ ಎಂದು ಕರೆ ಬಂದಾಗ ಪ್ಲಗ್ಗು ಒದ್ದೆಯಾಗಿ ಗಾಡಿ ಏಳದೆ, ಐದು ಮೈಲಿ ಕೆಸರಿನಲ್ಲಿ ನಡೆದುಹೋದದ್ದನ್ನು ಅವರು ಹೇಳಿದರು. ಹೋಗುವ ಹೊತ್ತಿಗೆ ಹಸು ಸತ್ತಿತ್ತು. ಅದು ಬಡವರ ಮನೆಯ ಒಂದೇ ಹಸು. ಅವರಿಗೆ ಜಾವಾ ಎಂದರೆ ಆ ರಾತ್ರಿ.

ಏಕಾದಶಿಯ ಉಪವಾಸಕ್ಕೂ ಬರಗಾಲದ ಉಪವಾಸಕ್ಕೂ ಹೊಟ್ಟೆಯಲ್ಲಿ ಆಗುವ ಸಂಕಟ ಒಂದೇ ಇರಬಹುದು. ಆದರೆ ಏಕಾದಶಿ ಮಾಡುವವನಿಗೆ ದ್ವಾದಶಿಯ ಪಾರಣೆ ಗೊತ್ತಿರುತ್ತದೆ. ಅಡುಗೆಮನೆಯಲ್ಲಿ ಅಗಸೆಸೊಪ್ಪು ಸೋಸಿಟ್ಟಿರುತ್ತದೆ. ಭಾನುವಾರ ಜಾವಾ ಹತ್ತುವವನಿಗೆ ಮನೆಯ ಮುಂದೆ ಕಾರು ನಿಂತಿದೆ. ಗಾಡಿ ನಡುದಾರಿಯಲ್ಲಿ ನಿಂತರೆ ಜೇಬಿನಲ್ಲಿ ಫೋನಿದೆ, ಕರೆದರೆ ಗಾಡಿಯನ್ನು ಹೊತ್ತುಕೊಂಡು ಹೋಗುವ ವಾಹನ ಬರುತ್ತದೆ. ಸಂಜೆಗೆ ಅದೊಂದು ಸೊಗಸಾದ ಕಥೆಯೂ ಆಗುತ್ತದೆ. ನಮ್ಮ ದೊಡ್ಡಪ್ಪನಿಗೆ ಅದು ಕಥೆಯಾಗಿರಲಿಲ್ಲ. ಆರಿಸಿಕೊಂಡ ಕಷ್ಟ ಕೆಟ್ಟದ್ದೆಂದು ನಾನೆನ್ನುವುದಿಲ್ಲ. ವ್ರತ, ಯಾತ್ರೆ, ಬೆಟ್ಟ ಹತ್ತುವುದು, ಸಂಗೀತ ಸಾಧನೆ ಎಲ್ಲವೂ ಆರಿಸಿಕೊಂಡ ಕಷ್ಟವೇ. ಆರಿಸಿಕೊಂಡವನು ಆರಿಸಿಕೊಳ್ಳಲಾರದವನಿಗೆ “ನಿಮ್ಮ ಕಾಲ ಎಷ್ಟು ಚೆನ್ನಾಗಿತ್ತು!” ಎಂದು ಹೇಳುತ್ತಾನಲ್ಲ, ಅಲ್ಲಿ ನನಗೆ ಮುಜುಗರವಾಗುತ್ತದೆ. ಹಸಿದವನ ಮುಂದೆ ಉಪವಾಸದ ಮಹಿಮೆ ಹೇಳಿದ ಹಾಗೆ.

ದೊಡ್ಡಪ್ಪ ಮಾರಿದ ಮೇಲೆ ಕೊಂಡದ್ದು ಹೀರೋ ಹೋಂಡಾ. 1985ರಲ್ಲಿ ಬಂದ ಆ 100 ಸಿ.ಸಿ. ಗಾಡಿಯ ಜಾಹೀರಾತು ಆ ಕಾಲದಲ್ಲಿ ಹೆಸರಾದದ್ದು: ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂಬ ಅರ್ಥದ ಮಾತು. ಪೆಟ್ರೋಲು ಮುಕ್ಕಳಿಸದೆ, ಎಣ್ಣೆ ಬೆರೆಸುವ ಗೊಡವೆಯಿಲ್ಲದೆ ಓಡುವ ಆ ಗಾಡಿ ಯೆಜ್ಡಿಯಂಥವನ್ನು ಮೂಲೆಗೆ ತಳ್ಳಿತು. ಮರೆತುಬಿಡಿ ಎಂದು ಹೇಳಿ ಮಾರಿದ ಗಾಡಿಯನ್ನು ಜನ ಮರೆತೇ ಓಡಿಸಿದರು. ಲಕ್ಷಾಂತರ ಜನ ಅದರ ಮೇಲೆ ಕಚೇರಿಗೆ, ಗದ್ದೆಗೆ, ಆಸ್ಪತ್ರೆಗೆ ಹೋದರು. ಸೇವೆ ಮಾಡಿದ್ದು ಅದು, ಪದ್ಯ ಕಟ್ಟಿಸಿಕೊಂಡದ್ದು ಇದು. ತೊಂದರೆ ಕೊಟ್ಟವರನ್ನೇ ಹೆಚ್ಚಾಗಿ ನೆನೆಯುವುದು ಮನೆಯ ಜನರ ವಿಷಯದಲ್ಲಿಯೂ ಕಂಡ ಮಾತಲ್ಲವೆ? (ಈಗ ಆ ಮೊದಲ ಹೀರೋ ಹೋಂಡಾಗಳಿಗೂ ಅಭಿಮಾನಿಗಳು ಹುಟ್ಟಿಕೊಳ್ಳುತ್ತಿದ್ದಾರೆಂದು ಕೇಳಿದ್ದೇನೆ. ಹಳಹಳಿಕೆಗೆ ಯಾವುದೂ ನಿಷಿದ್ಧವಲ್ಲ.)

ಇನ್ನು ಹೊಗೆಯ ಮಾತು. ಎರಡು ಹೊಡೆತದ ಎಂಜಿನ್ನಿನ ಸ್ವಭಾವವೇ ಹಾಗೆ. ಸುಟ್ಟ ಹೊಗೆ ಹೊರಹೋಗುವ ಕಿಂಡಿಯೂ ಹೊಸ ಪೆಟ್ರೋಲು ಒಳಬರುವ ಕಿಂಡಿಯೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುವುದರಿಂದ, ಬಂದ ಪೆಟ್ರೋಲಿನಲ್ಲಿ ಒಂದು ಪಾಲು ಸುಡದೆಯೇ ಹೊರಗೆ ಹೋಗುತ್ತದೆ. ಜೊತೆಗೆ ಬೆರೆಸಿದ ಎಣ್ಣೆ ಬೆಂದು ನೀಲಿ ಹೊಗೆಯಾಗುತ್ತದೆ. ಅದರ ವಾಸನೆ ಕೆಲವರಿಗೆ ಬಾಲ್ಯದ ವಾಸನೆ. ಅಪ್ಪ ಸಂಜೆ ಮನೆಗೆ ಬಂದರೆಂದು ಬಾಗಿಲು ತೆರೆಯುವ ಮೊದಲೇ ತಿಳಿಸುತ್ತಿದ್ದ ವಾಸನೆ ಎಂದು ನನ್ನ ಭಾವಮೈದುನ ಹೇಳುತ್ತಾನೆ. ಅವನ ಮಗಳಿಗೆ ಉಬ್ಬಸ. ಒಂಬತ್ತು ವರ್ಷದ ಹುಡುಗಿ. ಅಂಗಳದಲ್ಲಿ ಗಾಡಿ ಎಬ್ಬಿಸಿದರೆ ಒಳಗೆ ಅವಳಿಗೆ ಕೆಮ್ಮು ಹತ್ತುತ್ತದೆ. ಒಂದೇ ಹೊಗೆ, ಅವನಿಗೆ ಅದು ತಂದೆ, ಅವಳಿಗೆ ಕಾಯಿಲೆ.

ಅಭಿಮಾನಿಗಳ ವಾದ ನನಗೆ ತಿಳಿಯದ್ದಲ್ಲ. ಕೋಟಿ ವಾಹನಗಳ ಊರಿನಲ್ಲಿ ಭಾನುವಾರ ಹೊರಬೀಳುವ ಕೆಲವು ನೂರು ಹಳೆಯ ಗಾಡಿಗಳ ಹೊಗೆ ಎಷ್ಟರದು? ಒಂದು ಹೊಸ ಮೋಟಾರು ಸೈಕಲ್ ಮಾಡಲು ಬೇಕಾದ ಕಬ್ಬಿಣ, ಅಲ್ಯೂಮಿನಿಯಂ, ವಿದ್ಯುಚ್ಛಕ್ತಿ ಇವುಗಳನ್ನು ಲೆಕ್ಕಕ್ಕೆ ಹಿಡಿದರೆ ಇದ್ದ ಗಾಡಿಯನ್ನೇ ಇಟ್ಟುಕೊಳ್ಳುವುದು ಮಿತವ್ಯಯವಲ್ಲವೆ? ಈ ಎರಡನೆಯ ಮಾತು, ಹಳೆಯ ಗಾಡಿಯೊಂದನ್ನೇ ಇಟ್ಟುಕೊಂಡವನ ಬಾಯಲ್ಲಿ ಬಂದರೆ ಒಪ್ಪತಕ್ಕದ್ದೆ. ಹೊಸ ಕಾರು, ಹೊಸ ಸ್ಕೂಟರುಗಳ ಜೊತೆಗೆ ಇದನ್ನೂ ಇಟ್ಟುಕೊಂಡವನ ಬಾಯಲ್ಲಿ ಅದು ಶೋಭಿಸದು. ಮೊದಲನೆಯ ಮಾತಿಗೆ ಹನಿಗೂಡಿದರೆ ಹಳ್ಳ ಎಂಬ ಗಾದೆ ಸಾಕಾದ ಉತ್ತರವಲ್ಲ, ಏಕೆಂದರೆ ಇಲ್ಲಿ ಹನಿಗಳು ನಿಜಕ್ಕೂ ಕಡಮೆ, ಹಳ್ಳವಾಗಲಾರವು. ನನಗೆ ಮುಖ್ಯವಾಗಿ ತೋರುವುದು ಬೇರೊಂದು. ಈ ಗಾಡಿಯ ಹೊಗೆಯನ್ನು ಸವಾರ ಎಂದಿಗೂ ನೋಡುವುದಿಲ್ಲ. ಅದು ಅವನ ಬೆನ್ನ ಹಿಂದೆ ಹುಟ್ಟುತ್ತದೆ. ಅವನ ಮುಂದಿರುವುದು ಬೆಳಗಿನ ರಸ್ತೆ, ತಣ್ಣನೆಯ ಗಾಳಿ. ಹಿಂದೆ ಬರುವ ಹಾಲಿನವನು, ಶಾಲೆಯ ವ್ಯಾನಿನಲ್ಲಿ ಕುಳಿತ ಮಕ್ಕಳು ಅದನ್ನು ನೋಡುತ್ತಾರೆ, ಕುಡಿಯುತ್ತಾರೆ. ಪ್ರಮಾಣ ಎಷ್ಟೇ ಸಣ್ಣದಿರಲಿ, ನನ್ನ ಸುಖದ ಕಸವನ್ನು ನನ್ನ ಕಣ್ಣಿಗೆ ಬೀಳದಂತೆ ಇನ್ನೊಬ್ಬರ ಅಂಗಳಕ್ಕೆ ಗುಡಿಸುವುದು ಅದು. ಕಡೆಯ ಪಕ್ಷ ಒಮ್ಮೆಯಾದರೂ ಬೇರೆಯವರಿಗೆ ಗಾಡಿ ಕೊಟ್ಟು ತಾನು ಹಿಂದೆ ಸೈಕಲ್ಲಿನಲ್ಲಿ ಬಂದು ನೋಡಬೇಕು.

ಸರ್ಕಾರ ಈ ವಿಷಯವಾಗಿ ಒಂದು ತೀರ್ಪು ಕೊಟ್ಟಿದೆ, ತಿಳಿದು ಕೊಟ್ಟಿತೋ ತಿಳಿಯದೆಯೋ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ ವಿಧಿಯಂತೆ, 50 ವರ್ಷಕ್ಕೆ ಮೇಲ್ಪಟ್ಟ, ಮೂಲರೂಪದಲ್ಲಿ ಕಾಪಾಡಿಕೊಂಡು ಬಂದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ. ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳು. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನಕ್ಕೆ, ಮೆರವಣಿಗೆಗೆ, ರಿಪೇರಿಗೆ, ಪೆಟ್ರೋಲು ಹಾಕಿಸುವುದಕ್ಕೆ ಇಂಥವುಗಳಿಗೆ ಮಾತ್ರ ರಸ್ತೆಗೆ ತರಬೇಕು, ನಿತ್ಯದ ಓಡಾಟಕ್ಕಲ್ಲ. ಅಂದರೆ ವಯಸ್ಸಾದ ಗಾಡಿಗೆ ಉತ್ಸವಮೂರ್ತಿಯ ಪದವಿ. ವರ್ಷಕ್ಕೆ ಕೆಲವು ಸಲ ಪಲ್ಲಕ್ಕಿ, ಉಳಿದಂತೆ ಗರ್ಭಗುಡಿ. ನನಗೆ ಇದು ಅನ್ಯಾಯವೆನಿಸುವುದಿಲ್ಲ. ಆದರೆ ಮೋಟಾರು ಸೈಕಲ್ ಮೂರ್ತಿಯಲ್ಲ ಎಂಬುದೂ ನಿಜ. ಓಡದ ಗಾಡಿ ಗಾಡಿಯೆ?

‘ಮೂಲರೂಪ’ ಎಂಬ ಮಾತಂತೂ ಇನ್ನೂ ಕಷ್ಟದ್ದು. ಜಾವಾದ ಸಿಲಿಂಡರನ್ನು ಮೂರು ಸಲ ಕೊರೆಸಿ ಪಿಸ್ಟನ್ ಬದಲಾಯಿಸಿರುತ್ತಾರೆ. ಟ್ಯಾಂಕಿನ ತಳ ತುಕ್ಕು ಹಿಡಿದು ಹೊಸ ತಗಡು ಬೆಸೆದಿರುತ್ತಾರೆ. ಚಕ್ರದ ಕಡ್ಡಿ, ಸೀಟು, ವೈರು, ದೀಪ ಎಲ್ಲ ಹೊಸದು. ಕೆಲವು ಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಿಂದ, ಕೆಲವು ಗುಜರಿಯಿಂದ. ಉಳಿದದ್ದು ಚಾಸಿಯ ಮೇಲೆ ಕೊರೆದ ನಂಬರು. ಎರಡು ಸಾವಿರ ವರ್ಷದ ಹಿಂದಿನ ಪಾಳಿ ಗ್ರಂಥವಾದ ‘ಮಿಲಿಂದ ಪ್ರಶ್ನೆ’ಯಲ್ಲಿ ಭಿಕ್ಷು ನಾಗಸೇನ ಯವನ ರಾಜನನ್ನು ಕೇಳುತ್ತಾನೆ: ನೀನು ರಥದಲ್ಲಿ ಬಂದೆಯಲ್ಲ, ಅಚ್ಚೇ ರಥವೆ? ಗಾಲಿಯೇ ರಥವೆ? ನೊಗವೆ? ಇವೆಲ್ಲ ಅಲ್ಲವಾದರೆ ರಥವೆಲ್ಲಿ? ಭಾಗಗಳು ಕೂಡಿದಾಗ ವ್ಯವಹಾರಕ್ಕೆ ಇಟ್ಟುಕೊಂಡ ಹೆಸರು ಅದು ಎಂದು ರಾಜ ಒಪ್ಪುತ್ತಾನೆ. ಸಾರಿಗೆ ಕಚೇರಿಯವರು ನಾಗಸೇನನಿಗಿಂತ ಗಟ್ಟಿಗರು. ಅವರಿಗೆ ರಥವೆಂದರೆ ಚಾಸಿ ನಂಬರು. ಭಾವಮೈದುನನಿಗೆ ಅವನ ತಂದೆ ಕೈಯಿಟ್ಟು ಸವೆಸಿದ ಹಿಡಿಯ ರಬ್ಬರು. ಗಾಡಿಯಲ್ಲಿ ಏನೆಲ್ಲ ಬದಲಾಯಿಸಿದರೂ ಅದನ್ನು ಮಾತ್ರ ಅವನು ಬದಲಾಯಿಸಗೊಟ್ಟಿಲ್ಲ.

ಹೆಸರಿನ ಬೆಲೆಯನ್ನು ವ್ಯಾಪಾರಿಗಳು ಚೆನ್ನಾಗಿ ಬಲ್ಲರು. 2018ರ ನವೆಂಬರಿನಲ್ಲಿ ಜಾವಾ ಎಂಬ ಹೆಸರು ಮತ್ತೆ ಮಾರುಕಟ್ಟೆಗೆ ಬಂತು. 2022ರ ಜನವರಿಯಲ್ಲಿ ಯೆಜ್ಡಿಯೂ ಬಂತು. ಹೊಸ ಗಾಡಿಗಳದು ನಾಲ್ಕು ಹೊಡೆತದ ಎಂಜಿನ್ನು. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಆದರೂ ಹೊಸ ಜಾವಾದ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು ಇಟ್ಟರು, ನೆನಪಿಗೋಸ್ಕರ. ಯೆಜ್ಡಿ ಎಂಬ ಹೆಸರು ಯಾರ ಸ್ವತ್ತೆಂಬ ವಾದ ನಮ್ಮ ಹೈಕೋರ್ಟಿನವರೆಗೂ ಹೋಯಿತು.

ಹೆಸರಿಗೆ ವಾರಸುದಾರರು ಬಹಳ. ಆ ಹೆಸರನ್ನು ತಗಡಿನ ಮೇಲೆ ಕೂರಿಸಿದ ಕೈಗಳ ಮಾತು ಬೇರೆ. ಭಾನುವಾರದ ಹರಟೆಯಲ್ಲಿ ನಾನು ಕೇಳದೆ ಉಳಿದದ್ದು ಅವರ ವಿಷಯ. ಕಾರ್ಖಾನೆ ಮುಚ್ಚಿದಾಗ ನಲವತ್ತು ನಲವತ್ತೈದರ ವಯಸ್ಸಿನಲ್ಲಿದ್ದ ಕೆಲಸಗಾರ, ಬೇರೆ ಕಸುಬು ಕಲಿಯಲು ತಡವಾಗಿ, ಸಾಯಲು ಬೇಗವಾಗಿ, ಮೈಸೂರಿನ ಬೀದಿಯಲ್ಲಿ ನಿಂತ. ಕೆಲವರು ಅದೇ ಗಾಡಿಗಳ ರಿಪೇರಿಗೆ ಇಳಿದರು. ಕೆಲವರು ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆದರು, ಕಾವಲು ಕಾದರು. ಕಂಪನಿ ಸಮಾಪನಾಧಿಕಾರಿಯ ವಶಕ್ಕೆ ಹೋಯಿತು. ಇಂದು ಒಂದು ಚೆನ್ನಾಗಿರುವ ಹಳೆಯ ಜಾವಾಕ್ಕೆ ಕೊಡುವ ಹಣ, ಅದನ್ನು ಜೋಡಿಸಿದವನು ವರ್ಷಗಟ್ಟಲೆ ದುಡಿದದ್ದಕ್ಕಿಂತ ಹೆಚ್ಚು. ಹಂಬಲಿಸುವವನು ಪೂರ್ತಿಯಾಗಿ ಹಂಬಲಿಸಲಿ ಎಂದು ನನ್ನ ಕೋರಿಕೆ. ಕ್ರೋಮಿಯಂ ಹೊಳಪನ್ನು ನೆನೆಯುವುದಾದರೆ ಆ ಲೇಪದ ತೊಟ್ಟಿಯ ಪಕ್ಕದಲ್ಲಿ ನಿಂತು ಉಸಿರಾಡಿದವನನ್ನೂ ನೆನೆಯಲಿ. ಅರ್ಧ ನೆನಪು ಮರೆವಿಗಿಂತ ಹೆಚ್ಚು ಕೆಲಸ ಕೆಡಿಸುತ್ತದೆ.

ಹಾಗಾದರೆ ಈ ಹಳೆಯ ಗಾಡಿಯ ಪ್ರೀತಿಯಲ್ಲಿ ಒಳ್ಳೆಯದೇನೂ ಇಲ್ಲವೆ? ಇದೆ. ಮಂಡಿ ಮೊಹಲ್ಲಾದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾರೆ. ಎಪ್ಪತ್ತರ ಹತ್ತಿರದ ವಯಸ್ಸು. ಅವರ ಮುಂದೆ ಗಾಡಿ ನಿಲ್ಲಿಸಿ ಎಂಜಿನ್ನು ಎಬ್ಬಿಸಿದರೆ ಒಂದು ಕ್ಷಣ ತಲೆ ವಾಲಿಸಿ ಕೇಳುತ್ತಾರೆ, ಪಾಯಿಂಟ್ ಸವೆದಿದೆ ಎನ್ನುತ್ತಾರೆ, ಸವೆದಿರುತ್ತದೆ. ಉಪ್ಪಿನ ಕಾಗದದ ಚೂರಿನಿಂದ ಎರಡು ಸಲ ಉಜ್ಜಿ, ಅಂತರವನ್ನು ಕಣ್ಣಳತೆಯಲ್ಲಿ ಸರಿಮಾಡಿ ಕೊಡುತ್ತಾರೆ. ಹೊಸ ಗಾಡಿ ತನ್ನೊಳಗನ್ನು ಮುಚ್ಚಿಟ್ಟುಕೊಂಡಿರುತ್ತದೆ. ಕೆಟ್ಟರೆ ಕಂಪನಿಯ ಕಂಪ್ಯೂಟರಿಗೆ ಮಾತ್ರ ಬಾಯಿಬಿಡುತ್ತದೆ. ಹಳೆಯದು ಎಲ್ಲರೊಡನೆ ಮಾತನಾಡುತ್ತದೆ, ಗೊಣಗುತ್ತದೆ, ಕೆಮ್ಮುತ್ತದೆ. ಅದನ್ನು ಇಟ್ಟುಕೊಂಡವನು ಕೇಳುವುದನ್ನು ಕಲಿಯಲೇಬೇಕು. ನಾವು ಉಪಯೋಗಿಸುವ ವಸ್ತು ಹೇಗೆ ಕೆಲಸ ಮಾಡುತ್ತದೆಂದು ಒಂದಾದರೂ ವಸ್ತುವಿನ ವಿಷಯದಲ್ಲಿ ತಿಳಿದಿರುವುದು ಮನುಷ್ಯನಿಗೆ ಒಂದು ಮರ್ಯಾದೆ ಎಂದು ನಾನು ತಿಳಿದಿದ್ದೇನೆ. ಅದಕ್ಕೆ ಜಾವಾವೇ ಆಗಬೇಕೆಂದಿಲ್ಲ. ಹೊಲಿಗೆ ಯಂತ್ರವಾದೀತು, ಬೈಸಿಕಲ್ಲಾದೀತು. ಅವು ಹೊಗೆಯನ್ನೂ ಬಿಡುವುದಿಲ್ಲ. ಆದರೆ ಪ್ರೀತಿ ಎಲ್ಲಿ ಹುಟ್ಟಬೇಕೆಂದು ಯಾರು ಅಪ್ಪಣೆ ಕೊಟ್ಟಾರು?

ಆ ಮೆಕ್ಯಾನಿಕ್ ಸಂಜೆ ಮನೆಗೆ ಹೋಗುವುದು ಸೊಸೆಯ ಎಲೆಕ್ಟ್ರಿಕ್ ಸ್ಕೂಟರಿನ ಮೇಲೆ. ಇದೇಕೆ ಹೀಗೆ ಎಂದು ಕೇಳಿದ್ದಕ್ಕೆ, “ದಿನಾ ಪೂರ್ತಿ ಕಿಕ್ ಹೊಡೆದು ಮೊಣಕಾಲು ಹೋಗಿದೆ ಸಾರ್” ಎಂದರು.

ಭಾವಮೈದುನ ಕಳೆದ ವರ್ಷ ಮಗಳ ಉಬ್ಬಸ ಹೆಚ್ಚಾದಾಗ ಗಾಡಿಯನ್ನು ಇನ್ನು ಓಡಿಸುವುದೇ ಇಲ್ಲವೆಂದು ಶಪಥ ಮಾಡಿ, ಹೊದಿಕೆ ಹೊದಿಸಿ ನಿಲ್ಲಿಸಿಬಿಟ್ಟ. ಮಾರಲು ಮನಸ್ಸು ಬರಲಿಲ್ಲ. ಮೂರು ತಿಂಗಳಾದ ಮೇಲೆ ನೋಡಿದರೆ ಕಾರ್ಬೊರೇಟರು ಕಟ್ಟಿಕೊಂಡಿತ್ತು, ಟ್ಯಾಂಕಿನೊಳಗೆ ತುಕ್ಕು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರುಗಳನ್ನೂ ತಿನ್ನುತ್ತದೆ. ಮೆಕ್ಯಾನಿಕ್ ಎಲ್ಲವನ್ನೂ ಬಿಚ್ಚಿ ತೊಳೆದು ಕೊಟ್ಟು, “ನಿಲ್ಲಿಸಬೇಡಿ ಸಾರ್, ಸತ್ತುಹೋಗುತ್ತೆ. ವಾರಕ್ಕೆ ಒಂದು ಸಲ ಆದ್ರೂ ಹತ್ತು ಕಿಲೋಮೀಟರ್ ಓಡಿಸಿ, ಇಲ್ಲಾಂದ್ರೆ ಓಡಿಸೋರಿಗೆ ಕೊಟ್ಟುಬಿಡಿ” ಎಂದರು.

ಅವನು ಇನ್ನೂ ಕೊಟ್ಟಿಲ್ಲ. ಭಾನುವಾರ ಬೆಳಿಗ್ಗೆ ಐದೂವರೆಗೆ, ಮಗಳು ಏಳುವ ಮುಂಚೆ, ಗಾಡಿಯನ್ನು ಸದ್ದಿಲ್ಲದೆ ಗೇಟಿನಿಂದಾಚೆ ತಳ್ಳಿ, ಬೀದಿಯ ಕೊನೆಯವರೆಗೂ ತಳ್ಳಿಕೊಂಡು ಹೋಗಿ, ಮನೆಗಳು ಮುಗಿದು ಖಾಲಿ ನಿವೇಶನಗಳು ಸಿಗುವ ಕಡೆ ಎಬ್ಬಿಸುತ್ತಾನೆ. ಇನ್ನೂರು ಮೀಟರು ಇರಬಹುದು, ಸ್ವಲ್ಪ ಏರು. ಮೊನ್ನೆ ನಾನೂ ಹಿಂದಿನಿಂದ ಕೈಕೊಟ್ಟೆ. ಆ ಖಾಲಿ ನಿವೇಶನಗಳ ಪೈಕಿ ಒಂದರಲ್ಲಿ ಪಾಯ ತೋಡಿದ್ದರು.